ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಹೊರಟ ದಿನವೇ ತಲುಪುವುದು ಹೇಗೆ?

ನಿಮ್ಮ ಅಮ್ಮನ ಟಿಕೆಟ್‌ನಲ್ಲಿ ಹೊರಡುವುದೂ ತಲುಪುವುದೂ ಒಂದೇ ದಿನ ಎಂದಿದೆ, ತಪ್ಪಿರಬಹುದೇ ಎಂದು ಕೇಳಿದ್ದೀರಿ. ಟಿಕೆಟ್‌ನಲ್ಲಿ ತಪ್ಪಿಲ್ಲ ಸರ್, ಗಾಬರಿ ಬೇಡ. ಅಮ್ಮ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5:30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ತಲುಪುತ್ತಾರೆ ಎಂದರೆ ಪ್ರಯಾಣ ಮೂರೂವರೆ ಗಂಟೆಯದ್ದು ಅಂತಲ್ಲ, 16 ಗಂಟೆಯದ್ದು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ.

ದೂರ ಸುಮಾರು 14,000 ಕಿ.ಮೀ. ಗಂಟೆಗೆ 900 ಕಿ.ಮೀ.ನಂತೆ ಸುಮಾರು ಹದಿನೈದೂವರೆ ಗಂಟೆ ಎಂದು ನೀವು ಹಾಕಿದ ಲೆಕ್ಕ ಸರಿಯೇ. ಆದರೆ ಗೋಡೆಯ ನಕ್ಷೆ ನೋಡಿ ದಾರಿ ಊಹಿಸಬೇಡಿ, ಗೋಲದ ಮೇಲೆ ದಾರ ಎಳೆದು ನೋಡಿ: ಅತಿ ಹತ್ತಿರದ ದಾರಿ ಉತ್ತರ ಧ್ರುವದ ಕಡೆಗೇ ಹೋಗುತ್ತದೆ! 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದದ್ದು ಧ್ರುವದ ಮೇಲಿನಿಂದಲೇ. ಹೋಗುವಾಗ ಮಾತ್ರ ಪೆಸಿಫಿಕ್ ಮೇಲೆ ಹಾರುವುದೂ ಉಂಟು. ದಾರಿ ಉದ್ದವಾದರೂ ಪಶ್ಚಿಮದಿಂದ ಬೀಸುವ ಜೋರು ಗಾಳಿ ಬೆನ್ನಿಗಿರುತ್ತದೆ.

ವಾಪಸ್ ಬರುವಾಗ ಹದಿನೇಳೂವರೆ ಗಂಟೆ ಅಂದುಕೊಳ್ಳಿ. ರಾತ್ರಿ 9ಕ್ಕೆ ಹತ್ತಿದರೆ ಇಲ್ಲಿ ಇಳಿಯುವುದು ಮೂರನೇ ದಿನ ನಸುಕಿನ 3ಕ್ಕೆ. ನಾನು ಒಮ್ಮೆ ತಾರೀಖು ತಪ್ಪಿ ಒಂದು ದಿನ ಮೊದಲೇ ದೇವನಹಳ್ಳಿಗೆ ಹೋಗಿ ಕಾದು ಬಂದಿದ್ದೆ.

ನೇರ ವಿಮಾನ ಸಿಗದಿದ್ದರೆ ದುಬೈ ಮೂಲಕ 4 ಮತ್ತು 16 ಗಂಟೆ, ನಡುವೆ ಕಾಯುವುದು ಬೇರೆ. ಅಮ್ಮನಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ಬುಕ್ ಮಾಡುವಾಗಲೇ ಕೇಳಿಬಿಡಿ.