ಎಫ್‌ಟಿಪಿ ಜಾಸ್ತಿ ಇದ್ದರೂ ರೇಸ್‌ನ ಕೊನೆಯಲ್ಲಿ ಯಾಕೆ ಹಿಂದೆ ಬೀಳುತ್ತೇನೆ?

ನೀವು ಕೇಳಿರುವುದು ಇಷ್ಟು. ನಿಮ್ಮ ಎಫ್‌ಟಿಪಿ (ಸುಮಾರು ಒಂದು ಗಂಟೆ ಬಿಡದೆ ಹಿಡಿದಿಡಬಲ್ಲ ಗರಿಷ್ಠ ಪವರ್) 280 ವ್ಯಾಟ್, ಜೊತೆಗೆ ಸೈಕಲ್ ತುಳಿಯುವ ಗೆಳೆಯನದು 265. ತೂಕ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಆದರೂ ಮೂರೂವರೆ ಗಂಟೆಯ ರೇಸ್‌ನಲ್ಲಿ ಕೊನೆಯ ಏರು ಬಂದಾಗ ಅವನು ಮುಂದಿನ ಗುಂಪಿನಲ್ಲಿ ಇರುತ್ತಾನೆ, ನೀವು ಕಳಚಿಕೊಳ್ಳುತ್ತೀರಿ.

ಆ 280 ಕಾಲು ತಾಜಾ ಇದ್ದಾಗಿನ ಲೆಕ್ಕ. ಹಿಂದಿನ ದಿನ ವಿಶ್ರಾಂತಿ ತೆಗೆದುಕೊಂಡು, ಮೈ ಬಿಸಿ ಮಾಡಿಕೊಂಡು, 20 ನಿಮಿಷ ಜೀವ ಬಿಟ್ಟು ತುಳಿದು, ಬಂದ ಸರಾಸರಿಯಲ್ಲಿ ಶೇ 5 ಕಳೆದಿದ್ದೀರಿ, ಅಲ್ವಾ? ರೇಸ್ ತೀರ್ಮಾನ ಆಗುವ ಹೊತ್ತಿಗೆ ನಿಮ್ಮ ಹತ್ತಿರ ಆ ಕಾಲು ಇರುವುದಿಲ್ಲ.

ನನಗೂ ಎರಡು ಸೀಸನ್ ಹೀಗೇ ಆಯಿತು. ಮುಂದಿನವನ ಹಿಂಚಕ್ರ ಮೊದಲು ಒಂದು ಗೇಣು ದೂರ ಹೋಗುತ್ತದೆ, ಆಮೇಲೆ ಒಂದು ಮೊಳ, ಎದ್ದು ನಿಂತು ತುಳಿದರೂ ಆ ಅಂತರ ಮುಚ್ಚುವುದಿಲ್ಲ. ಉಸಿರು ಕಟ್ಟಿರುವುದಿಲ್ಲ, ಎದೆಬಡಿತವೂ ತುದಿ ಮುಟ್ಟಿರುವುದಿಲ್ಲ, ಕಾಲು ಮಾತ್ರ ಮಾತು ಕೇಳುವುದಿಲ್ಲ. ಕೊನೆಗೆ ಅಳೆದು ನೋಡಿದೆ. ತಾಜಾ ಇದ್ದಾಗ ಐದು ನಿಮಿಷಕ್ಕೆ 340 ವ್ಯಾಟ್ ಬರುತ್ತಿತ್ತು. 2000 ಕಿಲೋಜೌಲ್ ಕೆಲಸ ಮಾಡಿದ ಮೇಲೆ ಅದೇ ಐದು ನಿಮಿಷಕ್ಕೆ ಬಂದಿದ್ದು 290. ಐವತ್ತು ವ್ಯಾಟ್ ಹೋಗಿತ್ತು! ಏರಿನಲ್ಲಿ ಅದು ದೊಡ್ಡ ಅಂತರ.

ಇದಕ್ಕೆ ಈಗ ಡ್ಯುರಬಿಲಿಟಿ ಅನ್ನುತ್ತಾರೆ, ಅಂದರೆ ದಣಿದ ಮೇಲೂ ಪವರ್ ಎಷ್ಟು ಉಳಿಯುತ್ತದೆ ಅನ್ನುವುದು. 2021ರಲ್ಲಿ ವೃತ್ತಿಪರ ಸೈಕ್ಲಿಸ್ಟ್‌ಗಳ ಪವರ್ ದಾಖಲೆಗಳನ್ನು ಇಟ್ಟುಕೊಂಡು ನಡೆದ ಒಂದು ಅಧ್ಯಯನದಲ್ಲಿ ಇದೇ ಕಂಡಿತು. ಜಾಸ್ತಿ ಗೆಲ್ಲುವವರನ್ನೂ ಉಳಿದವರನ್ನೂ ಬೇರೆ ಮಾಡಿದ್ದು ಮುಖ್ಯವಾಗಿ ತುಂಬಾ ಕೆಲಸ ಮಾಡಿ ದಣಿದ ಮೇಲಿನ ಪವರ್. ಇಟಲಿಯ ಮಿಲಾನ್–ಸಾನ್ ರೆಮೊ ರೇಸ್ ನೋಡಿ. ಸುಮಾರು 290 ಕಿಲೋಮೀಟರ್ ತುಳಿದ ಮೇಲೆ ಕೊನೆಯಲ್ಲಿ ಪೊಜ್ಜೊ ಏರು ಬರುತ್ತದೆ. ಉದ್ದ ನಾಲ್ಕು ಕಿಲೋಮೀಟರ್ ಕೂಡ ಇಲ್ಲ, ಕಡಿದಾಗಿಯೂ ಇಲ್ಲ. ಬೆಳಿಗ್ಗೆ ಹತ್ತಿದರೆ ಆ ಗುಂಪಿನ ಯಾರಿಗೂ ಅದು ಲೆಕ್ಕಕ್ಕಿಲ್ಲ, ಆದರೆ ಆರೇಳು ಗಂಟೆ ಆದ ಮೇಲೆ ರೇಸ್ ಒಡೆಯುವುದು ಅಲ್ಲೇ.

ಕಾಲು ಯಾಕೆ ಹೀಗೆ ಖಾಲಿಯಾಗುತ್ತದೆ? ದೊಡ್ಡ ಕಾರಣ ಗ್ಲೈಕೋಜೆನ್, ಅಂದರೆ ದೇಹ ಕೂಡಿಟ್ಟುಕೊಳ್ಳುವ ಕಾರ್ಬೋಹೈಡ್ರೇಟ್ ಇಂಧನ. ಸ್ನಾಯುಗಳಲ್ಲಿ ಸುಮಾರು 400–500 ಗ್ರಾಂ, ಲಿವರ್‌ನಲ್ಲಿ 100 ಗ್ರಾಂ ಆಸುಪಾಸು ಇರುತ್ತದೆ, ಅಷ್ಟೇ ದಾಸ್ತಾನು. ಹಾಗಂತ ಎಲ್ಲ ಕಿಲೋಜೌಲ್ ಒಂದೇ ಅಲ್ಲ. ಸಮವಾಗಿ ತುಳಿದು ಮಾಡಿದ 2000 ಕಿಲೋಜೌಲ್‌ಗಿಂತ ಎಳೆದಾಡಿಕೊಂಡು, ಹಾರಿ ಹಾರಿ ಮಾಡಿದ 2000 ಜಾಸ್ತಿ ಸುಸ್ತು ಮಾಡುತ್ತದೆ. ನನ್ನ ಒಂದು ರೇಸ್‌ನ ಫೈಲ್ ತೆರೆದು ಎಣಿಸಿದರೆ ಮೊದಲ ಎರಡು ಗಂಟೆಯಲ್ಲೇ 60ಕ್ಕೂ ಹೆಚ್ಚು ಸಲ 500 ವ್ಯಾಟ್ ದಾಟಿದ್ದೆ. ಅದರಲ್ಲಿ ಒಂದೂ ಗುಂಪು ಬಿಟ್ಟು ಮುಂದೆ ಹೋಗುವ ದಾಳಿ ಅಲ್ಲ. ಗುಂಪಿನ ಬಾಲದಲ್ಲಿ ಕೂತಿದ್ದೆ, ಪ್ರತಿ ತಿರುವಿನಲ್ಲೂ ಬ್ರೇಕ್ ಹಿಡಿದು ಮತ್ತೆ ಹಾರಬೇಕಾಗುತ್ತಿತ್ತು. ಗುಂಪಿನ ಮುಂಭಾಗದಲ್ಲಿ ಕೂತರೆ ಈ ಖರ್ಚು ಕಡಿಮೆಯಾಗುತ್ತದೆ. ನಿಮ್ಮ ಗೆಳೆಯ ಎಲ್ಲಿ ಕೂರುತ್ತಾನೆ ಅಂತ ಮುಂದಿನ ಸಲ ದಯವಿಟ್ಟು ಗಮನಿಸಿ.

ತಿನ್ನುವುದು ಇನ್ನೂ ಬೇಗ ಫಲ ಕೊಡುತ್ತದೆ, ಇದನ್ನು ನಾನು ಒತ್ತಿ ಹೇಳುತ್ತೇನೆ. ಹಸಿವಾದ ಮೇಲೆ ಜೆಲ್ ತೆಗೆದರೆ ತಡವಾಯಿತು ಅಂತಲೇ ಅರ್ಥ. ಮೊದಲ ಅರ್ಧ ಗಂಟೆಯಿಂದಲೇ ಶುರು ಮಾಡಿ, ಗಂಟೆಗೆ 60 ಗ್ರಾಂ ಕಾರ್ಬ್. ಅದು ಹೊಟ್ಟೆಗೆ ಒಗ್ಗಿದ ಮೇಲೆ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಬೆರೆತ ಪಾನೀಯದಲ್ಲಿ 90 ಗ್ರಾಂವರೆಗೆ ಹೋಗಬಹುದು. ಎರಡೂ ಸಕ್ಕರೆ ಕರುಳಿನಲ್ಲಿ ಬೇರೆ ಬೇರೆ ದಾರಿಯಲ್ಲಿ ಒಳಗೆ ಹೋಗುವುದರಿಂದ ಅಷ್ಟು ಹಿಡಿಸುತ್ತದೆ. ತರಬೇತಿಯಲ್ಲಿ ಅಭ್ಯಾಸ ಮಾಡದೆ ನೇರ ರೇಸ್‌ನಲ್ಲಿ ಮಾತ್ರ ಇದನ್ನು ಮಾಡಬೇಡಿ, ಹೊಟ್ಟೆ ಕೆಡುತ್ತದೆ.

ಇನ್ನು ತರಬೇತಿ. ವಾರಕ್ಕೊಂದು ನಾಲ್ಕು ಗಂಟೆಯ ಸವಾರಿ, ಹೆಚ್ಚಿನ ಪಾಲು ಮಾತಾಡಿಕೊಂಡು ತುಳಿಯುವಷ್ಟು ಹಗುರವಾಗಿ, ತಿಂಗಳುಗಟ್ಟಲೆ ಬಿಡದೆ. ಇದಕ್ಕೆ ಅಡ್ಡದಾರಿ ಇಲ್ಲ. ಬುನಾದಿ ಬಂದ ಮೇಲೆ ಹತ್ತು ಹದಿನೈದು ದಿನಕ್ಕೊಮ್ಮೆ ಆ ಸವಾರಿಯ ಕೊನೆಯ ಗಂಟೆಯಲ್ಲಿ ಎಂಟು ನಿಮಿಷದ ಮೂರು ಗಟ್ಟಿ ಇಂಟರ್‌ವಲ್ (ಜೋರಾಗಿ ತುಳಿಯುವ ಸುತ್ತು) ಹಾಕಿ. ಜಿಮ್‌ನಲ್ಲಿ ಭಾರ ಎತ್ತುವುದನ್ನೂ ಕೈಬಿಡಬೇಡಿ. 2011ರ ಒಂದು ಅಧ್ಯಯನದಲ್ಲಿ ಚೆನ್ನಾಗಿ ತರಬೇತಾದ ಸೈಕ್ಲಿಸ್ಟ್‌ಗಳು 12 ವಾರ ಭಾರದ ವ್ಯಾಯಾಮ ಮಾಡಿದ ಮೇಲೆ, 185 ನಿಮಿಷ ತುಳಿದು ದಣಿದ ನಂತರದ ಐದು ನಿಮಿಷದ ಪವರ್ ಏರಿತ್ತು.

ನನಗೆ ಒಂಬತ್ತು ತಿಂಗಳು ಹಿಡಿಯಿತು. ತಾಜಾ ಪವರ್ 342, ಸುಮ್ನೆ ಎರಡು ವ್ಯಾಟ್ ಏರಿಕೆ. 2000 ಕಿಲೋಜೌಲ್ ಆದ ಮೇಲಿನದು 290ರಿಂದ 318ಕ್ಕೆ ಬಂತು.

ನೀವೂ ಮೊದಲು ಅಳೆಯಿರಿ. ಒಂದು ದಿನ ತಾಜಾ ಕಾಲಿನಲ್ಲಿ ಐದು ನಿಮಿಷ. ಮೂರು ದಿನ ಬಿಟ್ಟು, ತೂಕದ ಪ್ರತಿ ಕೆಜಿಗೆ 30 ಕಿಲೋಜೌಲ್‌ನಂತೆ ಕೆಲಸ ಮುಗಿಸಿ, ನಿಮ್ಮ ತೂಕ 68 ಕೆಜಿ ಅಂದುಕೊಂಡರೆ 190 ವ್ಯಾಟ್‌ನಲ್ಲಿ ಮೂರು ಗಂಟೆ, ಅದೇ ರಸ್ತೆಯಲ್ಲಿ ಮತ್ತೆ ಐದು ನಿಮಿಷ. ಗೆಳೆಯನನ್ನೂ ಕರೆದುಕೊಂಡು ಹೋಗಿ, ಅವನದನ್ನೂ ಬರೆದಿಟ್ಟುಕೊಳ್ಳಿ.