48ಕ್ಕೆ ಡಿಗ್ರಿ ಮಾಡಬಹುದಾ?

ಅಕ್ಕಾ, ಪಿಯುಸಿ ಮುಗಿಸಿ ಮೂವತ್ತು ವರ್ಷವಾಯ್ತು, ಈಗ 48ಕ್ಕೆ ಆನ್‌ಲೈನ್ ಬಿಎ ಮಾಡಿದರೆ ಅದಕ್ಕೆ ಬೆಲೆ ಇದೆಯಾ ಎಂದು ಕೇಳಿದ್ದೀರಿ. ಇದೆ. ಮಾನ್ಯತೆ ಪಡೆದ ಆನ್‌ಲೈನ್, ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಎಂದು ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಯುಜಿಸಿ 2022ರಲ್ಲೇ ಹೇಳಿದೆ. ದುಡ್ಡು ಕಟ್ಟುವ ಮೊದಲು ಯುಜಿಸಿ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರಷ್ಟೇ ಅಲ್ಲ, ನಿಮ್ಮ ಕೋರ್ಸಿನ ಹೆಸರೂ ಇದೆಯಾ ನೋಡಿ. ದಿನಾ ಫೋನ್ ಮಾಡಿ ಪೀಡಿಸುವ ಏಜೆಂಟರನ್ನು ಸುಮ್ನೆ ನಂಬಬೇಡಿ.

ನಾನು ಇಗ್ನೊ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಬಿಎಗೆ ಸೇರಿದಾಗ ನನಗೆ 46. ಅಲ್ಲಿ ವಯಸ್ಸಿನ ಮಿತಿ ಇಲ್ಲ. ಮೂರು ವರ್ಷದ ಕೋರ್ಸನ್ನು ಆರು ವರ್ಷದವರೆಗೆ ಎಳೆಯಬಹುದು, ನನಗೆ ಐದು ಬೇಕಾಯಿತು! ಓದುವುದು ಕಷ್ಟ ಆಗಲಿಲ್ಲ. ಪರೀಕ್ಷೆಯಲ್ಲಿ ಮೂರು ಗಂಟೆ ಕೂತು ಬರೆಯುವುದೇ ಕಷ್ಟ, ಬೆರಳಿಗೆ ಅಭ್ಯಾಸ ತಪ್ಪಿರುತ್ತದೆ ಅಲ್ವಾ? ಈಗಿನಿಂದಲೇ ದಿನಕ್ಕೊಂದು ಪುಟ ಬರೆಯಿರಿ.