ಕ್ಯಾನ್ಸರ್ ವಾಸಿಯಾದ ಮೇಲೂ ಅಕ್ಕ ಕಚೇರಿಗೆ ಮರಳಲು ಏಕೆ ಹೆದರುತ್ತಾರೆ?

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದು ವರದಿಗಳೆಲ್ಲ ಚೆನ್ನಾಗಿದ್ದರೂ, ಡೊಂಬಿವಲಿಯ ನಿಮ್ಮ ಅಕ್ಕ ಮುಂಬಯಿಯ ಫೋರ್ಟ್‌ ಪ್ರದೇಶದ ತಮ್ಮ ಕಚೇರಿಯ ಹೆಸರೆತ್ತಿದರೆ ನಡುಗುತ್ತಾರೆ ಎಂದು ಬರೆದಿದ್ದೀರಿ. ಇದು ಸೋಮಾರಿತನವಲ್ಲ. ಚಿಕಿತ್ಸೆಯ ದಿನಗಳಲ್ಲಿ ಮುಂದಿನ ಕೀಮೋದ ಚಿಂತೆಯೇ ಮನಸ್ಸನ್ನು ತುಂಬಿರುತ್ತದೆ; ಅದುಮಿಟ್ಟ ಭಯ ಹಲವರಲ್ಲಿ ಎಲ್ಲ ಮುಗಿದ ಮೇಲೆಯೇ ತಲೆ ಎತ್ತುತ್ತದೆ. ನಿದ್ದೆ ಮಾಡಿದರೂ ಹೋಗದ ದಣಿವು, ಮರೆವು, ಗಮನ ನಿಲ್ಲದಿರುವುದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯಬಹುದು. ರಕ್ತಹೀನತೆ, ಥೈರಾಯ್ಡ್ ತೊಂದರೆಯ ಲಕ್ಷಣಗಳೂ ಹೀಗೆಯೇ ಇರುವುದರಿಂದ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಆರಂಭದಲ್ಲಿ ಅರ್ಧ ದಿನ ಅಥವಾ ಮನೆಯಿಂದ ಕೆಲಸ ಕೇಳಲಿ, ಅದನ್ನು ಬರಹದಲ್ಲೇ ಕೇಳಲಿ. ನನ್ನನ್ನು ಕೇಳಿದರೆ, ಮುಂಬಯಿಯಲ್ಲಿ ಕಚೇರಿಗಿಂತ ಬೆಳಗಿನ ಲೋಕಲ್ ರೈಲೇ ದೊಡ್ಡ ಪರೀಕ್ಷೆ. ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಅವಕಾಶವಿದೆ. ಆಸ್ಪತ್ರೆಯ ಪ್ರಮಾಣಪತ್ರ ಜೊತೆಗಿರಲಿ. ರೋಗದ ವಿವರ ಸಹೋದ್ಯೋಗಿಗಳಿಗೆ ಎಷ್ಟು ಹೇಳಬೇಕೆಂಬುದು ಅಕ್ಕನಿಗೇ ಬಿಟ್ಟದ್ದು.

ಬೇಸರ, ನಿದ್ರಾಹೀನತೆ ಎರಡು ವಾರ ದಾಟಿದರೆ ಮನೋವೈದ್ಯರನ್ನು ಕಾಣಲಿ. ಒಂದು ಎಚ್ಚರಿಕೆ: ಸ್ತನ ಕ್ಯಾನ್ಸರ್ ಮರುಕಳಿಸದಂತೆ ಕೊಡುವ ಟಾಮಾಕ್ಸಿಫೆನ್ ಮಾತ್ರೆಯನ್ನು ಅಕ್ಕ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮನೋವೈದ್ಯರಿಗೆ ತಪ್ಪದೆ ತಿಳಿಸಲಿ. ಪ್ಯಾರಾಕ್ಸೆಟಿನ್, ಫ್ಲೂಯಾಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆಗಳು ಟಾಮಾಕ್ಸಿಫೆನ್ ದೇಹದಲ್ಲಿ ಸಕ್ರಿಯ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ, ಬೇರೆ ಮಾತ್ರೆಗಳಿವೆ. ಹಾಗೆಂದು ಯಾವುದನ್ನೂ ತಾವಾಗಿ ನಿಲ್ಲಿಸಬಾರದು. ಮರಾಠಿಯಲ್ಲಿ ಮನಸ್ಸು ಬಿಚ್ಚುವುದು ಕಷ್ಟವೆನಿಸಿದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡವೂ ಇದೆ.